ಎಣ್ಣೆ ಹಚ್ಚಿಸಿಕೊಂಡವರು

ಮೂರನೆಯ ಭಾನುವಾರ ಲೇನುವಿನ ಹೆಸರು ಕೂಗಲಿಲ್ಲ. ಹಿಂದಿನ ಎರಡು ಭಾನುವಾರ ಲೂಥರನ್ ಚರ್ಚಿನಲ್ಲಿ ಪಾಸ್ಟರು ಅವಳ ಹೆಸರನ್ನೂ ಪ್ರೀದಿಕನ ಹೆಸರನ್ನೂ ಜೊತೆಯಾಗಿ ಓದಿ, ಈ ಮದುವೆಗೆ ಯಾರದಾದರೂ ತಕರಾರಿದೆಯೇ ಎಂದು ಕೇಳಿದ್ದರು. ಮೂರನೆಯದೂ ಆಗಿದ್ದರೆ ಮದುವೆ ಗಟ್ಟಿ.

ಹುಡುಗಿಯ ಅಪ್ಪ ಹಿಂಡ್ರೆಕ್ ಜನರೆಲ್ಲ ಹೋಗುವವರೆಗೆ ಕಾದು ಪಾಸ್ಟರ ಮುಂದೆ ನಿಂತ.

"ಹೊಸ ಹುಕುಂ ಬಂದಿದೆ," ಎಂದರು ಪಾಸ್ಟರು. "ನಿಮ್ಮ ಕಡೆ ಹುಡುಗೀನ ಮದುವೆಯಾಗೋನು, ಹುಟ್ಟೋ ಮಕ್ಕಳೆಲ್ಲ ನಿಮ್ಮ ಆ ರಷ್ಯನ್ ಚಕ್ರವರ್ತಿಯ ಧರ್ಮಕ್ಕೇ ಅಂತ ಬರೆದುಕೊಡಬೇಕು."

"ಹಾಗಾದ್ರೆ ನಮ್ಮನ್ನೇ ವಾಪಸ್ ಸೇರಿಸ್ಕೊಳ್ಳಿ ಸ್ವಾಮಿ."

"ಸೇರಿಸ್ಕೊಂಡ್ರೆ ನನ್ನನ್ನ ಕೋರ್ಟಿಗೆ ಎಳೀತಾರೆ. ಆ ಧರ್ಮಕ್ಕೆ ಹೋಗೋ ಬಾಗಿಲಿದೆ ಹಿಂಡ್ರೆಕ್. ಬರೋ ಬಾಗಿಲಿಲ್ಲ."

ನಲವತ್ತು ವರ್ಷದ ಹಿಂದೆ, ರೈ ಬೆಳೆ ಕೊಳೆತ ವರ್ಷ, ಚಕ್ರವರ್ತಿಯ ಧರ್ಮಕ್ಕೆ ಸೇರಿದವರಿಗೆ ಜಮೀನು ಸಿಗುತ್ತದಂತೆ ಎಂಬ ಸುದ್ದಿ ಎಸ್ಟೋನಿಯಾದ ಹಳ್ಳಿಹಳ್ಳಿಗೂ ಹಬ್ಬಿತ್ತು. ಹದಿನೆಂಟರ ಹಿಂಡ್ರೆಕ್ ಎರಡು ದಿನ ನಡೆದು ಹೋಗಿ ಸಾಲಿನಲ್ಲಿ ನಿಂತ. ರಷ್ಯನ್ ಪಾದ್ರಿ ಹಣೆಗೆ, ಕಣ್ಣಿಗೆ, ತುಟಿಗೆ ಪವಿತ್ರ ಎಣ್ಣೆ ಹಚ್ಚಿ ಆಂಡ್ರೇ ಎಂದು ಹೆಸರಿಟ್ಟ. ಊರಿನಲ್ಲಿ ಹೊಸ ಗುಮ್ಮಟದ ಚರ್ಚು ಎದ್ದಿತು. ಜಮೀನು ಮಾತ್ರ ಜಮೀನ್ದಾರನ ಹತ್ತಿರವೇ ಉಳಿಯಿತು.

ಪ್ರೀದಿಕನ ಮನೆಯಂಗಳದಲ್ಲಿ ಅವನ ತಾಯಿ ಏವಾ ಎದುರಾದಳು. "ಏನಪ್ಪಾ, ಆ ಎಣ್ಣೆ ಇನ್ನೂ ಒರೆಸ್ಕೊಂಡಿಲ್ವಾ?"

"ಹುಡುಗೀದೇನು ತಪ್ಪು, ಏವಮ್ಮಾ?"

"ತಪ್ಪೇನೂ ಇಲ್ಲ. ಚಿನ್ನದಂಥ ಹುಡುಗಿ. ಆದ್ರೆ ಇವನು ಸಹಿ ಹಾಕಿದ ದಿನ ಈ ಹೊಲ ಇವನ ತಮ್ಮಂದು."

ಪ್ರೀದಿಕ್ ಕುದುರೆಯ ತೊಗಲು ಪಟ್ಟಿ ಹೊಲಿಯುತ್ತಿದ್ದ. "ಮಾವ..." ಎಂದ. ಸೂಜಿ ತೊಗಲಿನೊಳಗೆ ಹೋಗಿ ಬರುತ್ತಲೇ ಇತ್ತು.

ವಾಪಸು ಬರುವ ದಾರಿಯಲ್ಲಿ ಗುಮ್ಮಟದ ಚರ್ಚಿನ ಪಾದ್ರಿ ಗಾಡಿ ನಿಲ್ಲಿಸಿದರು. "ಶುಭ ಸಮಾಚಾರ ಕೇಳಿದ್ಯಾ ಆಂಡ್ರೇ? ಇನ್ಮೇಲೆ ನಿನ್ನ ಮೊಮ್ಮಕ್ಕಳೆಲ್ಲ ನಮ್ಮವರೇ! ಬೆಳೀತಾ ಇದೀವಪ್ಪಾ, ಬೆಳೀತಾ ಇದೀವಿ."

ಹಿಂಡ್ರೆಕ್ ಟೋಪಿ ತೆಗೆದು ತಲೆಬಾಗಿದ. ಅಭ್ಯಾಸ.

ಮನೆಯಲ್ಲಿ ಲೇನು, ಮದುವೆಗೆ ಬರುವ ನೆಂಟರಿಗೆ ಹಂಚಲೆಂದು ಮೂರು ಚಳಿಗಾಲ ಹೆಣೆದ ಉಣ್ಣೆಯ ಕೈಗವಸುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು.

"ಏನಂದ?"

"ಮಾವ ಅಂದ."

"ಆಮೇಲೆ?"

ಅವನು ಬೂಟು ಬಿಚ್ಚಲು ಬಗ್ಗಿದ. ಅವಳು ಪೆಟ್ಟಿಗೆ ಮುಚ್ಚಿ ಅದರ ಮೇಲೆಯೇ ಕೂತಳು.

"ಅಪ್ಪಾ, ಆಗ ಎಷ್ಟು ಜಮೀನು ಕೊಡ್ತೀವಿ ಅಂದಿದ್ರು?"

ಹಿಂಡ್ರೆಕ್ ನೆನಪು ಮಾಡಿಕೊಳ್ಳಲು ನೋಡಿದ. ಅಷ್ಟುದ್ದದ ಸಾಲಿನಲ್ಲಿ ಒಬ್ಬನೂ ಅದನ್ನು ಕೇಳಿರಲಿಲ್ಲ.