ನಜ್ಮಾದ ವಿರೋಧ ಪಕ್ಷ

ಮೊಯ್ದಿನ್ ಜೀವನದಲ್ಲಿ ಸುಳ್ಳೇ ಹೇಳಿಲ್ಲ ಅಂತ ಹೇಳೋಕಾಗಲ್ಲ. ಸೀಲೈನ್ ಮರಳುಗುಡ್ಡದಲ್ಲಿ ಅವನ ಗಾಡಿ ಒಂದು ಸಲ ಹೂತುಹೋಯ್ತಂತೆ. ಅಗೆದು ತೆಗೆದ್ರೆ ಕೆಳಗೆ ಇನ್ನೊಂದು ಗಾಡಿ ಸಿಕ್ತಂತೆ. ಅದರೊಳಗೆ ಡ್ರೈವರ್ ಇನ್ನೂ ಹಾರ್ನ್ ಹೊಡೀತಾ ಕೂತಿದ್ದನಂತೆ. ಇದನ್ನ ಅವನು ದೋಹಾದ ನಜ್ಮಾ ಬಡಾವಣೆಯ ತನ್ನ ಕೆಫೆಟೇರಿಯಾದಲ್ಲಿ ಎಷ್ಟೋ ಜನಕ್ಕೆ ಆಣೆ ಹಾಕಿ ಹೇಳಿದಾನೆ. ಆದ್ರೆ ಕೆನಡಾದಲ್ಲಿ ಬೀಳ್ತಿದ್ದ ಒಂದು ಸರ್ಕಾರವನ್ನ ಅವನು ಉಳಿಸಿದ ಕಥೆ ಮಾತ್ರ ಅವನ ಬಾಯಿಂದ ಒಬ್ಬರೂ ಕೇಳಿಲ್ಲ. ನಿಜವಾಗಿ ನಡೆದದ್ದನ್ನ ಹೇಳಿ ಅವನಿಗೆ ಅಭ್ಯಾಸ ಇರಲಿಲ್ಲ.

ಮೊಯ್ದಿನ್ ಉಪ್ಪಿನಂಗಡಿಯವನು. ದೋಹಾಕ್ಕೆ ಬಂದ ಮೊದಲ ಆರು ವರ್ಷ ಟೂರಿಸ್ಟ್‌ಗಳನ್ನ ಕೂರಿಸ್ಕೊಂಡು ಮರಳುಗುಡ್ಡ ಹತ್ತಿಸಿ ಇಳಿಸ್ತಿದ್ದ. ಸೊಂಟ ಹೋದ ಮೇಲೆ ಈ ನಾಲ್ಕು ಟೇಬಲ್ಲಿನ ಕೆಫೆಟೇರಿಯಾ. ಸೊಂಟ ಹೋದ್ರೂ ಕಿವಿ ಹೋಗಿರಲಿಲ್ಲ. ಹೊರಗೆ ಗಾಡಿ ನಿಲ್ಲಿಸಿ ಯಾರಾದ್ರೂ ಹಾರ್ನ್ ಹೊಡೆದ್ರೆ, ಒಳಗಿಂದ್ಲೇ ಯಾರ ಗಾಡಿ, ಎಷ್ಟು ಚಾ, ಸಕ್ಕರೆ ಎಷ್ಟು ಅಂತ ಹೇಳಿಬಿಡ್ತಿದ್ದ. ‘ಅವನ ಕ್ಲಚ್ ಹೋಗ್ತಾ ಉಂಟು, ಹೇಳಿಬಿಡು’ ಅಂತ ಚಾ ಜೊತೆಗೇ ಸಂದೇಶ ಕಳಿಸ್ತಿದ್ದ.

ಫ್ರಿಜ್ ಪಕ್ಕದ ಟೇಬಲ್ಲು ಚನ್ನಕೇಶವನದ್ದು. ಮದ್ದೂರು ಕಡೆಯವನು, ದೋಹಾ ಅಲ್ ಜದೀದಾದ ಒಂದು ಆಫೀಸಲ್ಲಿ ಕಟ್ಟಡದ ನಕ್ಷೆ, ಕಾಗದ ಪತ್ರ ನೋಡ್ಕೊಳ್ಳೋ ಕೆಲಸ. ಹದಿನಾಲ್ಕು ವರ್ಷದಿಂದ ಆಫೀಸು ಬಿಟ್ಟು ಅಲ್ ಮುಂತಜಾದ ಮನೆಗೆ ಹೋಗೋ ಮುಂಚೆ ಒಂದು ಗಂಟೆ ಇಲ್ಲಿ ಕೂತು, ಸಕ್ಕರೆ ಕಮ್ಮಿ ಕರಕ್ ಚಾ ಕುಡಿದು, ಮೊಯ್ದಿನ್ ಹೇಳಿದ್ದಕ್ಕೆಲ್ಲ ‘ರೈಲು ಬಿಡ್ತೀಯಾ ಕಣಯ್ಯ’ ಅಂತ ಹೇಳಿ ಎದ್ದು ಹೋಗ್ತಿದ್ದ. ಮೊಯ್ದಿನ್‌ಗೆ ಆ ಒಂದು ಗಂಟೆ ಬೇಕಿತ್ತು. ಉಳಿದವರೆಲ್ಲ ಅವನ ಮಾತು ನಂಬಿಬಿಡ್ತಿದ್ರು. ನಂಬೋರಿಗೆ ಹೇಳಿ ಎಂಥ ಮಜಾ?

ಹೋದ ವರ್ಷ ಜನವರಿಯಲ್ಲಿ ಕೇಶವ ಬಂದವನೇ, ‘ಭಾನು ಕೆನಡಾಕ್ಕೆ ಅರ್ಜಿ ಹಾಕಿದಾಳೆ’ ಅಂದ.

ಭಾನುಮತಿ ಅವನ ಹೆಂಡತಿ, ಲ್ಯಾಬ್ ಟೆಕ್ನಿಶಿಯನ್. ಕೆನಡಾದಲ್ಲಿ ಒಂದು ಪ್ರಾಂತದವರು ಲ್ಯಾಬಿನವರು ಬೇಕು ಅಂತ ಪಟ್ಟಿ ಮಾಡಿದ್ರು. ಆ ಪ್ರಾಂತದ ಹೆಸರು ಇಲ್ಲಿ ಬೇಡ. ಸಣ್ಣ ಜಾಗ, ಎಲ್ಲರಿಗೂ ಎಲ್ಲರೂ ಗೊತ್ತು. ತೊಂದರೆ ಏನಂದ್ರೆ ಅಲ್ಲಿ ಸರ್ಕಾರಕ್ಕೆ ಬಹುಮತ ಇರಲಿಲ್ಲ. ಪಟ್ಟಿ ಮಾಡಿದ್ದು ಆ ಸರ್ಕಾರ. ಅಧಿಕಾರಕ್ಕೆ ಬಂದ್ರೆ ಮೊದಲು ಆ ಪಟ್ಟಿಯನ್ನೇ ಹರಿದು ಹಾಕ್ತೀವಿ ಅಂತ ಕೂತಿದ್ದು ವಿರೋಧ ಪಕ್ಷ.

ಕೇಶವ ಟೇಬಲ್ ಮೇಲೆ ಗ್ಲಾಸ್ ಜೋಡಿಸಿ ತೋರಿಸಿದ. ಇಪ್ಪತ್ತೊಂಬತ್ತು ಸೀಟು. ಸರ್ಕಾರದವು ಹದಿನಾಲ್ಕು, ಎದುರಿನವು ಹದಿನಾಲ್ಕು, ಮಧ್ಯೆ ಪಕ್ಷೇತರ ಒಂದು. ಸರ್ಕಾರದ ಕಡೆಯಿಂದ ಒಂದು ಗ್ಲಾಸ್ ತೆಗೆದು ಫ್ರಿಜ್ ಮೇಲಿಟ್ಟ.

‘ಇವನು ಸ್ಪೀಕರ್. ಇವನಿಗೆ ಓಟಿಲ್ಲ. ಎರಡೂ ಕಡೆ ಸಮ ಆದ್ರೆ ಮಾತ್ರ ಓಟು.’

‘ಹಾಗಾದ್ರೆ ಹದಿಮೂರಕ್ಕೆ ಹದಿನಾಲ್ಕು. ಮಧ್ಯದ್ದು ಬಂದ್ರೆ ಸಮ. ಬರದಿದ್ರೆ ಖಲಾಸ್,’ ಅಂದ ಮೊಯ್ದಿನ್. ‘ಈ ಹದಿಮೂರು ಜನರನ್ನ ಯಾವ ರೆಸಾರ್ಟಲ್ಲಿ ಇಟ್ಟಿದ್ದಾರೆ?’

‘ರೆಸಾರ್ಟ್ ಇಲ್ಲ. ಎಲ್ಲಾ ಅವರವರ ಮನೇಲೇ ಮಲಗ್ತಾರೆ.’

‘ಬಸ್ಸಾದ್ರೂ ಉಂಟಾ?’

‘ಬಸ್ಸೂ ಇಲ್ಲ.’

‘ಅದೆಂಥ ಸರ್ಕಾರ ಮಾರಾಯ್ರೆ? ಅದು ಹದಿನೈದು ದಿನ ನಡೆಯೂದಿಲ್ಲ.’

‘ನಡೆದ್ರೆ ನಾವು ಹೋಗ್ತೀವಿ. ಬಿದ್ರೆ ಇಲ್ಲೇ ಇನ್ನೊಂದು ಕಂಪನಿ ಕರೀತಾ ಇದೆ, ಮೂರು ವರ್ಷಕ್ಕೆ ಸೈನ್ ಮಾಡ್ತೀನಿ. ಮುಂದಿನ ವರ್ಷ ಮಾರ್ಚ್ ಕೊನೆವರೆಗೂ ಕಾಯ್ತೀವಿ ಅಂದಿದಾರೆ.’

ಮೊಯ್ದಿನ್ ಗ್ಲಾಸ್‌ಗಳನ್ನ ಒಂದರೊಳಗೊಂದು ಸೇರಿಸಿ ಒಳಗೆ ತಗೊಂಡು ಹೋದ. ತೊಳೀತಾ ತೊಳೀತಾ ಲೆಕ್ಕ ಹಾಕಿದ. ಸರ್ಕಾರ ಬಿದ್ರೆ ಕೇಶವಣ್ಣ ಇನ್ನು ಮೂರು ವರ್ಷ. ಹೊರಗೆ ಬಂದು, ‘ನಾನು ವಿರೋಧ ಪಕ್ಷ’ ಅಂತ ಘೋಷಣೆ ಮಾಡಿದ.

ಸರ್ಕಾರ ಹದಿನೈದು ದಿನ ಅಲ್ಲ, ಹದಿನಾಲ್ಕು ತಿಂಗಳಾದ್ರೂ ನಡೀತಾನೇ ಇತ್ತು. ಅಷ್ಟರಲ್ಲಿ ಆ ಪ್ರಾಂತದ ಮಂತ್ರಿಗಳ ಹೆಸರು ಅಲ್ಲಿಯವರಿಗಿಂತ ಚೆನ್ನಾಗಿ ನಜ್ಮಾದವರಿಗೆ ಗೊತ್ತಾಗಿತ್ತು. ಪಕ್ಕದ ಟೈಲರ್ ಹಂಝನಿಗೆ ಹಣಕಾಸು ಮಂತ್ರಿಯ ಕೋಟಿನ ಭುಜ ಸರಿಯಿಲ್ಲ ಅನ್ನೋದೇ ದೊಡ್ಡ ಆಕ್ಷೇಪ. ಸಭೆ ಬೆಳಿಗ್ಗೆ ಹತ್ತಕ್ಕೆ ಶುರುವಾದ್ರೆ ಇಲ್ಲಿ ಸಾಯಂಕಾಲ ಐದು. ಕೇಶವ ಫೋನನ್ನ ಸಕ್ಕರೆ ಡಬ್ಬಕ್ಕೆ ಒರಗಿಸಿ ನೇರ ಪ್ರಸಾರ ಹಾಕ್ತಿದ್ದ. ಮೊಯ್ದಿನ್ ಸಮೋಸ ಕರೀತಾ ಒಳಗಿಂದ ರಾಜೀನಾಮೆ ಕೇಳ್ತಿದ್ದ.

ಎಲ್ಲರಿಗಿಂತ ಹೆಸರುವಾಸಿ ಆದವರು ಮಧ್ಯದ ಗ್ಲಾಸು. ತೆರೆಜಾ. ಎಪ್ಪತ್ತೊಂದು ವರ್ಷದ ಅಜ್ಜಿ, ಪೋಸ್ಟ್ ಆಫೀಸಿಂದ ರಿಟೈರ್ ಆದವರು. ಅಜ್ಜಿ ಮಾತಾಡಿದ್ರೆ ತಮ್ಮೂರಿನ ರಸ್ತೆ ಬಗ್ಗೆ ಮಾತ್ರ. ಪ್ರತಿ ಸಲ ಓಟಿನ ದಿನ ಸರ್ಕಾರ ರಸ್ತೆ ರಿಪೇರಿ ಮಾಡ್ತೀವಿ ಅನ್ನೋದು, ಅಜ್ಜಿ ಎದ್ದು ಸರ್ಕಾರದ ಪರ ಕೈ ಎತ್ತೋದು.

‘ಇಷ್ಟು ತಿಂಗಳಲ್ಲಿ ಒಂದು ರಸ್ತೆ ಮಾಡ್ಲಿಕ್ಕಾಗದವರು!’ ಅಂತ ಮೊಯ್ದಿನ್ ಕೂಗೋನು.

‘ನಿಮ್ಮೂರ ಘಾಟಿ ರಸ್ತೆ ಆಗಿದೆಯೇನಯ್ಯ?’

‘ಅದು ಬೇರೆ ವಿಷಯ ಕೇಶವಣ್ಣ. ಒಳಗಿನ ವಿಷಯ ತೆಗೀಬೇಡಿ.’

ಈ ವರ್ಷ ಮಾರ್ಚ್ ಶುರುವಲ್ಲಿ ಬಜೆಟ್ ಓಟು ಬಂತು. ಬಜೆಟ್ ಬಿದ್ರೆ ಸರ್ಕಾರ ಬಿತ್ತು. ಅಜ್ಜಿ ಪರವಾಗಿ ಹಾಕ್ತೀನಿ ಅಂತ ಎರಡು ದಿನ ಮುಂಚೇನೇ ಪೇಪರಿನವರಿಗೆ ಹೇಳಿದ್ರು. ಮೊಯ್ದಿನ್ ಅವತ್ತು ಚಾಕ್ಕೆ ಏಲಕ್ಕಿ ಹಾಕೋದು ಮರೆತ.

ಓಟಿನ ದಿನ ಅಲ್ಲಿ ಮಂಜು ಸುರೀತಿತ್ತು. ಇಲ್ಲಿ ಸಾಯಂಕಾಲ ಆರೂವರೆ, ಮಗ್ರಿಬ್ ನಮಾಜ್ ಮುಗಿದಿತ್ತು. ಭಾನುಮತಿಗೆ ಡ್ಯೂಟಿ. ಕೇಶವ ಒಬ್ಬನೇ ಫೋನಿನ ಮುಂದೆ ಕೂತಿದ್ದ. ಅಲ್ಲಿ ಬೆಲ್ ಶುರುವಾಯ್ತು. ಅರ್ಧ ಗಂಟೆ ಬಾರಿಸ್ತಾರೆ, ಅಷ್ಟರಲ್ಲಿ ಸದಸ್ಯರೆಲ್ಲ ಒಳಗೆ ಬರಬೇಕು, ಆಮೇಲೆ ಬಾಗಿಲು ಬಂದ್. ಎಲ್ಲಾ ಬಂದ್ರು. ತೆರೆಜಾ ಕುರ್ಚಿ ಖಾಲಿ.

‘ಅಜ್ಜಿ ಎಲ್ಲಿ ಮಾರಾಯ್ರೆ?’ ಅಂದ ಮೊಯ್ದಿನ್. ಖುಷಿ ಮುಚ್ಚಿಡೋಕೆ ಹೋಗಿ ಅವನ ದನಿ ಸ್ವಲ್ಪ ಕೀರಲಾಯ್ತು.

ಕೇಶವ ಪೇಪರ್ ಕಪ್ಪಿನ ಅಂಚು ಹರೀತಿದ್ದ.

ಆಗ ಮೊಯ್ದಿನ್ ಜೇಬಲ್ಲಿ ಫೋನ್ ಹೊಡ್ಕೊಂಡ್ತು. ಸರ್ಫರಾಝ್. ತಂಗಿ ಮಗ. ದೋಹಾದಲ್ಲಿ ಮಾಮನ ಹತ್ರಾನೇ ಡ್ರೈವಿಂಗ್ ಕಲಿತು, ಆರು ತಿಂಗಳ ಹಿಂದೆ ಓದೋ ನೆಪದಲ್ಲಿ ಅದೇ ಪ್ರಾಂತಕ್ಕೆ ಹೋಗಿ ಟ್ಯಾಕ್ಸಿ ಓಡಿಸ್ತಿದ್ದ. ಮೊಯ್ದಿನ್ ಅಡುಗೆಮನೆಗೆ ಹೋಗಿ ಫೋನ್ ಎತ್ತಿದ.

‘ಮಾಮ, ಗಾಡಿ ಮಂಜಲ್ಲಿ ಹೂತುಹೋಯ್ತು. ಎಳೆಯುವ ಗಾಡಿಗೆ ಫೋನ್ ಮಾಡಿದ್ರೆ ಎರಡು ಗಂಟೆ ಆಗ್ತದಂತೆ. ಹಿಂದೆ ಒಬ್ರು ಅಜ್ಜಿ ಕೂತಿದ್ದಾರೆ. ಅಸೆಂಬ್ಲಿ ಇಲ್ಲೇ ಎದುರಿಗೆ ಕಾಣ್ತಾ ಉಂಟು, ನಡೀಲಿಕ್ಕೆ ಅವರ ಮಂಡಿ ಸರಿ ಇಲ್ಲ. ಇಪ್ಪತ್ತು ನಿಮಿಷ ಉಂಟಂತೆ.’

‘ಯಾವ ಅಜ್ಜಿ?’

‘ತೆರೆಜಾ ಅಂತ. ಇಲ್ಲಿಯ ರಸ್ತೆಗಳ ವಿಷಯ ತಾನು ಮೊದಲೇ ಹೇಳಿದ್ದೆ ಅಂತ ನನಗೆ ಬೈತಾ ಇದ್ದಾರೆ.’

ಮೊಯ್ದಿನ್ ಜಾಲರಿ ಸೌಟು ಕೆಳಗಿಟ್ಟ. ಎಣ್ಣೆಯಲ್ಲಿ ಎಂಟು ಸಮೋಸ ಕರೀತಿದ್ವು. ಚಾ ಕೊಡೋ ಕಿಂಡಿಯಿಂದ ನೋಡಿದ್ರೆ ಕೇಶವನ ಬೆನ್ನು ಕಾಣ್ತಿತ್ತು. ಮೂರು ವರ್ಷ, ದಿನಕ್ಕೊಂದು ಗಂಟೆ. ಯಾರಿಗೂ ಗೊತ್ತಾಗಲ್ಲ. ಸುಳ್ಳು ಹೇಳಬೇಕಾಗೂ ಇಲ್ಲ. ಯಾವ ಡ್ರೈವರನ್ನ ಕೇಳಿದ್ರೂ ಇದನ್ನೇ ಹೇಳ್ತಾನೆ.

‘ಎಳೆಯುವ ಗಾಡಿಗೆ ಕಾಯಿ ಮಗ,’ ಅಂದ.

‘ಆಯ್ತು ಮಾಮ. ಇನ್ನೊಂದು ಸಲ ನೋಡ್ತೇನೆ,’ ಅಂದ ಸರ್ಫರಾಝ್. ಫೋನ್ ಕಟ್ ಮಾಡದೆ ಪಕ್ಕಕ್ಕಿಟ್ಟು ಎಕ್ಸಲರೇಟರ್ ಒತ್ತಿದ.

ಆ ಸದ್ದು ಮೊಯ್ದಿನ್ ಕಿವಿಗೆ ಬಿತ್ತು. ಚಕ್ರ ಒಂದೇ ಜಾಗದಲ್ಲಿ ಸುತ್ತಿ ಸುತ್ತಿ ತನ್ನ ಗುಂಡಿ ತಾನೇ ತೋಡ್ಕೊಳ್ಳೋ ಸದ್ದು. ಆರು ವರ್ಷ ಸೀಲೈನಲ್ಲಿ ಈ ಸದ್ದು ಕೇಳಿದಲ್ಲೆಲ್ಲ ಅವನು ಓಡಿಹೋಗಿ, ಗುರುತಿಲ್ಲದವನ ಗಾಡಿ ಬಾಗಿಲು ತೆಗೆದು, ಕಾಲರ್ ಹಿಡಿದು ಇಳಿಸಿದ್ದ. ಐದು ಸೆಕೆಂಡ್ ತಡ್ಕೊಂಡ. ಹಲ್ಲು ಕಚ್ಚಿದ. ಸರ್ಫರಾಝ್ ಇನ್ನೂ ಜೋರಾಗಿ ಒತ್ತಿದ.

‘ಏ ಹರಾಮಿ, ಕಾಲು ತೆಗೀ!’ ಅಂತ ಮೊಯ್ದಿನ್ ಕಿರುಚಿದ. ‘ನಾನು ಕಲಿಸಿದ್ದಾ ಅದು? ಇಳಿ ಕೆಳಗೆ! ನಾಲ್ಕೂ ಟೈರಿನ ಗಾಳಿ ಬಿಡು. ಅರ್ಧಕ್ಕರ್ಧ! ಟೈರು ದೋಸೆ ಹಾಗೆ ಹರಡಿ ಕೂತ್ಕೊಳ್ಬೇಕು. ಕಾಲಡಿಯ ಮ್ಯಾಟ್ ತೆಗೆದು ಮುಂದಿನ ಚಕ್ರಕ್ಕೆ ಕೊಡು. ಆಮೇಲೆ ನಿಧಾನ, ಮೊಟ್ಟೆ ಮೇಲೆ ಕಾಲಿಟ್ಟ ಹಾಗೆ!’

‘ಇದು ಮರಳಲ್ಲ ಮಾಮ, ಮಂಜು...’

‘ಬಿಳಿ ಮರಳು ಅದು! ಯಲ್ಲಾ, ಇಳಿ!’

ಹೊರಗಿಂದ ಕೇಶವ, ‘ಯಾರಿಗಯ್ಯಾ ಬೈತಿದೀಯ?’ ಅಂತ ಕೂಗಿದ.

‘ನನ್ನ ತಂಗಿ ಮಗನಿಗೆ. ಗಾಡಿ ಹಾಳು ಮಾಡ್ತಾ ಇದ್ದಾನೆ.’

ಹದಿನೇಳು ನಿಮಿಷ ಆಯ್ತು. ಬೆಲ್ ನಿಲ್ಲೋಕೆ ಇನ್ನೇನು ಎರಡು ನಿಮಿಷ ಇತ್ತು. ಸಕ್ಕರೆ ಡಬ್ಬದ ಮುಂದಿನ ಫೋನಲ್ಲಿ ಬಾಗಿಲು ತೆಗೀತು. ಕೋಟಿನ ಮೇಲೆಲ್ಲ ಮಂಜು, ಕೈಯಲ್ಲಿ ಯಾಕೋ ಒಂದು ಕಾರಿನ ಮ್ಯಾಟು ಹಿಡ್ಕೊಂಡು ತೆರೆಜಾ ಅಜ್ಜಿ ಒಳಗೆ ಬಂದು ಕೂತ್ರು. ಹದಿನಾಲ್ಕಕ್ಕೆ ಹದಿನಾಲ್ಕು. ಸ್ಪೀಕರ್ ಎದ್ದು ನಿಂತು, ಕನ್ನಡಕ ಒರೆಸಿ, ಸರ್ಕಾರದ ಪರ ಓಟು ಹಾಕಿದ.

ಕೇಶವ ಎದ್ದ ರಭಸಕ್ಕೆ ಕರಕ್ ಚೆಲ್ಲಿ ಫೋನು ಒದ್ದೆಯಾಯ್ತು. ಅಡುಗೆಮನೆಗೆ ನುಗ್ಗಿ ಮೊಯ್ದಿನ್‌ನ ತಬ್ಕೊಂಡ. ‘ಸೋತೆ ಕಣಯ್ಯ! ಸೋತೆ!’

‘ಹೌದು ಮಾರಾಯ್ರೆ,’ ಅಂದ ಮೊಯ್ದಿನ್. ‘ಬಿಡಿ, ಸಮೋಸ ಕರಟಿ ಹೋಯ್ತು.’

ಹದಿನೆಂಟನೇ ದಿನಕ್ಕೆ ಭಾನುಮತಿಗೆ ಆ ಪ್ರಾಂತದ ಪತ್ರ ಬಂತು. ಉಳಿದ ಕಾಗದವೂ ಸರಸರ ಆಯ್ತು. ಆಗಸ್ಟ್‌ನಲ್ಲಿ ಹೊರಡೋ ದಿನ ಕೇಶವ ಎಂದಿನ ಹೊತ್ತಿಗೆ ಬಂದು, ಎಂದಿನ ಚಾ ಕುಡಿದ. ಮೊಯ್ದಿನ್ ಮರಳೊಳಗಿನ ಗಾಡಿಯ ಕಥೆ ಇನ್ನೊಂದು ಸಲ ಹೇಳಿದ. ಈ ಸಲ ಒಳಗಿನ ಡ್ರೈವರ್ ಎರಡು ಚಾ ಕೇಳಿದ್ದ.

‘ರೈಲು ಬಿಡ್ತೀಯಾ ಕಣಯ್ಯ,’ ಅಂತ ಹೇಳಿ ಕೇಶವ ಎದ್ದು ಹೋದ.

ಸರ್ಕಾರ ಅಕ್ಟೋಬರಿನಲ್ಲಿ ಬಿತ್ತು. ತೆರೆಜಾ ಅಜ್ಜಿಯೇ ಬೀಳಿಸಿದ್ರು. ರಸ್ತೆ ಆಗಿರಲಿಲ್ಲ. ಮೊಯ್ದಿನ್ ಆ ಸುದ್ದಿ ಓದಲಿಲ್ಲ, ಹಂಝ ಬಂದು ಹೇಳಿದ. ‘ನಿನ್ನ ಪಕ್ಷ ಗೆದ್ದಿತಲ್ಲ,’ ಅಂದ್ರೆ, ‘ಯಾವ ಪಕ್ಷ?’ ಅಂದ ಮೊಯ್ದಿನ್. ಫ್ರಿಜ್ ಪಕ್ಕದ ಟೇಬಲ್ ಮೇಲೆ ಈಗ ನೀರಿನ ಬಾಟಲಿ ಪೆಟ್ಟಿಗೆ ಪೇರಿಸಿದ್ದ.

ಡಿಸೆಂಬರಲ್ಲಿ ಒಂದು ಸಾಯಂಕಾಲ ಫೋನ್ ಬಂತು.

‘ಮೊಯ್ದಿನ್, ಕೇಶವ ಕಣಯ್ಯ. ಮನೆ ಮುಂದೆನೇ ಕಾರು ಹೂತುಹೋಗಿದೆ. ಭಾನು ಒಳಗೆ ಕೂತು ನಗ್ತಿದಾಳೆ.’

‘ಎಳೆಯುವ ಗಾಡಿಗೆ ಹೇಳಿ ಮಾರಾಯ್ರೆ. ನನಗೆಂಥ ಗೊತ್ತುಂಟು ಮಂಜಿನ ವಿಷಯ?’

ಆ ಕಡೆ ಎಂಜಿನ್ ಸ್ಟಾರ್ಟ್ ಆಯ್ತು.

‘ಏರ್‌ಪೋರ್ಟಿಂದ ನಮ್ಮನ್ನ ಕರ್ಕೊಂಡು ಬಂದಿದ್ದು ಸರ್ಫರಾಝ್. ಅಜ್ಜಿ ವಿಷಯ ಎಲ್ಲಾ ಹೇಳಿದ.’

‘ಅವನಾ? ದೊಡ್ಡ ಸುಳ್ಳ. ಅವನ ಮಾತು ನಂಬಬೇಡಿ.’

‘ನಂಬಿದೆ ಕಣಯ್ಯ.’

ಹೊರಗೆ ಯಾರೋ ಎರಡು ಸಲ ಹಾರ್ನ್ ಹೊಡೆದ್ರು. ಯಾರ ಗಾಡಿ ಅಂತ ಮೊಯ್ದಿನ್‌ಗೆ ತಿಳೀಲಿಲ್ಲ. ಅವನ ಕಿವಿಯಲ್ಲಿ ಇದ್ದದ್ದು ಫೋನಿನೊಳಗಿನ ಗಾಡಿ. ಕೇಶವ ಮಾತಾಡ್ತಾನೇ ಒತ್ತುತ್ತಿದ್ದ.

‘ಕೇಶವಣ್ಣ,’ ಅಂದ, ‘ಮೊದಲು ಎಕ್ಸಲರೇಟರಿಂದ ಕಾಲು ತೆಗೀರಿ.’