ಗಿಣ್ಣು ಕಾಣದ ಕರು

“ಈ ಮುಂಡೆ ಕೈಗುಣ ಕಣ್ರೀ. ಇವಳು ಮುಟ್ಟಿದ್ಕೇ ಕರು ಹಿಂಗೆ ಉಚ್ಚಿಕೊಳ್ತಿರೋದು.”

ಷಣ್ಮುಖಪ್ಪ ದನದ ಡಾಕ್ಟರಿಗೆ ಹಾಗೆನ್ನುವಾಗ ಭಾಗಮ್ಮ ಅಲ್ಲೇ ಕೂತು ಕರುವಿನ ಹಿಂಗಾಲಿಗೆ ಮೆತ್ತಿದ್ದ ಹಳದಿ ಭೇದಿಯನ್ನು ಗೋಣಿಯಲ್ಲಿ ಒರೆಸುತ್ತಿದ್ದಳು. ಎಮ್ಮೆದೊಡ್ಡಿ ಊರಿನ ಅವನ ಕೊಟ್ಟಿಗೆಯಲ್ಲಿ ಕೂಲಿಗೆ ಸಗಣಿ ಬಾಚಿ ಬಾಚಿ ಅವಳ ಬೆನ್ನು ಗೂನಾಗಿತ್ತು. ಬೈಗುಳಕ್ಕೆ ತಲೆಯೆತ್ತುವ ಕಸುವೂ ಉಳಿದಿರಲಿಲ್ಲ.

ಕಡೂರಿನಿಂದ ಬಂದಿದ್ದ ಡಾಕ್ಟರ್ ಕೋಮಲಾ ಕರುವಿನ ಕತ್ತಿನ ಚರ್ಮ ಚಿವುಟಿ ಬಿಟ್ಟರು. ಚಿವುಟಿದ ಮಡಿಕೆ ಹಾಗೇ ನಿಂತಿತು. ಕಣ್ಣು ಗುಳಿಬಿದ್ದಿತ್ತು, ಬಾಯಿ ತಣ್ಣಗಿತ್ತು. ಮೈಯ ನೀರೆಲ್ಲ ಬತ್ತಿದೆ ಎಂದು ಕತ್ತಿನ ನರಕ್ಕೆ ಡ್ರಿಪ್ ಏರಿಸುತ್ತ, ಹುಟ್ಟಿದ ತಕ್ಷಣ ಗಿಣ್ಣು ಕುಡಿಸಿದ್ದಿರಾ ಎಂದು ಕೇಳಿದರು. ಹೊಟ್ಟೆ ಬಿರಿಯ ಕುಡಿದಿದೆ ಎಂದ ಷಣ್ಮುಖಪ್ಪ.

“ಇಲ್ಲ ಕಣವ್ವ,” ಅಂದಳು ಭಾಗಮ್ಮ. “ಗಿಣ್ಣೆಲ್ಲ ನೆಂಟ್ರ ಮನೆಗೆ ಹೋಯ್ತು.”

ಡಾಕ್ಟರು ಇಬ್ಬರ ಮುಖವನ್ನೂ ನೋಡಿದರು. ಗಿಣ್ಣು ಬೀಳದ ಕರುವಿಗೆ ರೋಗ ತಡೆಯುವ ಶಕ್ತಿಯೇ ಇರುವುದಿಲ್ಲ, ಒದ್ದೆ ನೆಲದ ಸೋಂಕು ಸೀದಾ ಕರುಳಿಗೆ ಇಳಿದಿದೆ ಎಂದರು. ಬೇರೆ ಕರುಗಳಿಂದ ದೂರ, ಒಣಹುಲ್ಲಿನ ಮೇಲೆ ಬೆಚ್ಚಗಿಡಬೇಕು. ಚೀಪತೊಡಗಿದ ಮೇಲೆ ತಾವು ಕೊಟ್ಟ ಪುಡಿ ಕಲಸಿದ ನೀರು ಆಗಾಗ ಕುಡಿಸಬೇಕು, ತಾಯಿಹಾಲು ನಿಲ್ಲಿಸಬಾರದು. ಹೊರಡುವಾಗ ಭಾಗಮ್ಮನ ಕಡೆ ತಿರುಗಿ, ಈ ಭೇದಿ ಮನುಷ್ಯರಿಗೂ ಅಂಟಬಹುದು, ಸೋಪು ಹಾಕಿ ಕೈ ತೊಳೆಯದೆ ಏನೂ ಮುಟ್ಟಬೇಡಿ ಅಂದರು.

ಜೀಪು ಮರೆಯಾದದ್ದೇ ತಡ, ಷಣ್ಮುಖಪ್ಪ ಅವಳ ಮುಂದೆ ಕ್ಯಾಕರಿಸಿ ಉಗಿದ. “ನಮ್ಮನೆ ಗಿಣ್ಣಿನ ಮಾತು ನಿನಗ್ಯಾಕಲೇ? ನಾಲಿಗೆ ಸೀಳ್ಬಿಡ್ತೀನಿ. ಕರು ಸತ್ರೆ ನಿನ್ನ ಕೈಲೇ ಹೊರಿಸ್ತೀನಿ.”

ಭಾಗಮ್ಮ ಕರುವನ್ನು ಎತ್ತಿ ಒಣ ಮೂಲೆಗೆ ತಂದಳು. ಹುಲ್ಲು ಹಾಸಿದಳು, ನೀರು ಕುಡಿಸಿದಳು, ಒರೆಸಿದಳು, ಮತ್ತೆ ಕುಡಿಸಿದಳು. ದನ ಮೇಯುವ ಕಾವಲಿನ ಕಡೆಯಿಂದ ಗಾಳಿ ಬೀಸಿದಾಗಲೆಲ್ಲ ಗೋಣಿ ಹೊದಿಸಿದಳು. ಇಳಿಹೊತ್ತಿಗೆ ಕರು ನಡುಗುತ್ತ ಎದ್ದು ತಾಯಿಯ ಮೊಲೆಗೆ ಬಾಯಿಟ್ಟಿತು. ಅವಳಿಗೆ ಖುಷಿಪಡಲೂ ತ್ರಾಣವಿರಲಿಲ್ಲ. ಮೊಣಕೈಯವರೆಗೆ ಭೇದಿ ಒಣಗಿತ್ತು, ತನ್ನ ಮನೆಯಲ್ಲಿ ಸೊಸೆಯ ಹಸುಗೂಸಿತ್ತು.

ಅಂಗಳದ ನಲ್ಲಿಯನ್ನು ಅವಳು ಮುಟ್ಟುವಂತಿರಲಿಲ್ಲ. ಮನೆಯೊಡತಿ ದಾಕ್ಷಾಯಣಮ್ಮ ಬಂದು ಚೊಂಬಿನಿಂದ ಎತ್ತಿ ಸುರಿಯಬೇಕಿತ್ತು. “ಅವ್ವಾ, ವಸಿ ನೀರು,” ಎಂದು ಕೂಗಿದಳು. ಒಳಗೆ ಟೀವಿ ಮಾತಾಡುತ್ತಿತ್ತು. ಮತ್ತೂ ಕೂಗಿದಳು. ಹೊತ್ತು ಇಳಿಯುತ್ತಲೇ ಇತ್ತು.

ಭಾಗಮ್ಮ ನಡೆದುಹೋಗಿ ನಲ್ಲಿ ತಿರುಗಿಸಿದಳು. ಕಟ್ಟೆಯ ಮೇಲಿದ್ದ ಸೋಪು ತೆಗೆದು ಬೆರಳ ಸಂದು, ಉಗುರು, ಮೊಣಕೈ ಎಲ್ಲ ತಿಕ್ಕಿದಳು.

ಸದ್ದಿಗೆ ಗಂಡ ಹೆಂಡತಿ ಇಬ್ಬರೂ ಬಾಗಿಲಿಗೆ ಬಂದರು. ದಾಕ್ಷಾಯಣಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ನಲ್ಲಿ ಮುಟ್ಟಬ್ಯಾಡ ಕಣೇ, ಹೊಲಸು ಮುಂಡೆ!” ಷಣ್ಮುಖಪ್ಪ ಕಿರುಚಿದ. “ತೆಗಿ ಕೈಯ.”

“ಆಯ್ತು ಬುದ್ದಿ,” ಅಂದಳು ಭಾಗಮ್ಮ. “ಮುಟ್ಟಕ್ಕಿಲ್ಲ.”

ಎರಡೂ ಕೈ ಎತ್ತಿಕೊಂಡು ಹಿಂದೆ ಸರಿದಳು. ನೀರು ಧೋ ಎಂದು ಸುರಿಯುತ್ತಲೇ ಇತ್ತು. ಬಾಗಿಲಲ್ಲಿದ್ದ ಇಬ್ಬರೂ ಅವಳು ಮುಟ್ಟಿದ ಆ ನಲ್ಲಿಯನ್ನು ನೋಡುತ್ತ ನಿಂತರು. ನಿಲ್ಲಿಸಲು ಯಾರೂ ಇಳಿದು ಬರಲಿಲ್ಲ.