ಹಾಳುಬಾವಿಯಲ್ಲಿ ಕೇಳಿದ ಹೆಸರು

ವೀರಬಸಪ್ಪ ಬಾವಿಗೆ ಬಿದ್ದದ್ದು ಯಾವ ಘನಕಾರ್ಯಕ್ಕೆ ಹೊರಟೂ ಅಲ್ಲ. ತಣಿಸಂದ್ರದಲ್ಲಿ ಯಾರೋ ಒಳ್ಳೆಯ ಎಮ್ಮೆ ಬೆಣ್ಣೆ ಮಾರುತ್ತಾರೆಂದು ಕಾರ್ಖಾನೆಯ ಗೆಳೆಯರು ಹೇಳಿದ್ದರು. ರಜೆಯ ದಿನ ಹೋದ, ಬೆಣ್ಣೆ ಸಿಗಲಿಲ್ಲ, ಸಿಟ್ಟಿನಲ್ಲಿ ಅಡ್ಡದಾರಿ ಹಿಡಿದು ಹೆಬ್ಬಾಳಕ್ಕೆ ವಾಪಸು ಹೊರಟ. ನವಲಗುಂದದ ಕಡೆಯ ಮನುಷ್ಯ. ಅವನ ಊರಿನಲ್ಲಿ ಬಾವಿಯೆಂದರೆ ಎದೆಮಟ್ಟದ ಕಟ್ಟೆ ಕಟ್ಟಿಕೊಂಡು ಮರ್ಯಾದೆಯಿಂದ ಇರುವಂಥದ್ದು, ದೂರದಿಂದಲೇ ಕಾಣುವಂಥದ್ದು. ನೆಲದ ಮಟ್ಟಕ್ಕೇ ಬಾಯಿ ತೆರೆದು, ಮೇಲೆ ಲಾಂಟಾನ ಪೊದೆ ಹೊದ್ದು ಮಲಗಿರುವ ಬಾವಿಯೂ ಲೋಕದಲ್ಲಿ ಉಂಟೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಪೊದೆಯ ಮೇಲೆ ಕಾಲಿಟ್ಟ, ಅಷ್ಟೆ.

ಮೂಳೆ ಮುರಿಯಲಿಲ್ಲ. ತಳದಲ್ಲಿ ಕೆಸರಿತ್ತು. ಸಂಜೆಯವರೆಗೆ ಕೂಗಿದ, ಗಂಟಲು ಕಟ್ಟಿತು, ರಾತ್ರಿಯೆಲ್ಲ ಅಲ್ಲೇ ಕಳೆದ. ಬೆಳಿಗ್ಗೆ ಮೇಲೆ ಎಲ್ಲೋ ಜನರ ಸದ್ದು ಕೇಳಿದಾಗ ಅವನಿಗೆ ಅರೆಮಂಪರು. ‘ಸಾರ್’ ಎಂದು ಯಾರೋ ಕೂಗುತ್ತಿದ್ದರು, ‘ರೀ ಯಜಮಾನ್ರೇ’ ಎಂದು ಇನ್ಯಾರೋ. ಯಾರನ್ನೋ ಹುಡುಕುತ್ತಿದ್ದಾರೆ ಪಾಪ ಎಂದುಕೊಂಡು ಕಣ್ಣು ಮುಚ್ಚಿದ. ಆಗ ಒಂದು ಹೆಣ್ಣುದನಿ ಪೊದೆ ಸೀಳಿಕೊಂಡು ಕೆಳಗಿಳಿಯಿತು. “ವೀರಬಸಪ್ಪಾ!” ಹಿಂದೆ ಮುಂದೆ ಏನೂ ಇಲ್ಲದ ಬರೀ ಹೆಸರು. ಅವನ ತಾಯಿ ಸತ್ತ ಮೇಲೆ ಹಾಗೆ ಅವನನ್ನು ಯಾರೂ ಕರೆದಿರಲಿಲ್ಲ. ಎಲ್ಲಿತ್ತೋ ಏನೋ ಕಸುವು, ಎದ್ದು ನಿಂತು ‘ಓ’ ಎಂದು ಕಿರುಚಿದ. ಹೆಬ್ಬಾಳದ ಸೈಕಲ್ ಶಾಪಿನ ತಾಜುದ್ದೀನ್ ಸೊಂಟಕ್ಕೆ ಹಗ್ಗ ಬಿಗಿದು ಇಳಿದು, ಅವನನ್ನು ಮೇಲಕ್ಕೆ ತಂದ.

ಸತ್ತು ಬದುಕಿದವನಿಗೆ ನಮ್ಮ ಜನ ಊಟ ಹಾಕುವುದಕ್ಕೂ ಮೊದಲು ವೇದಾಂತ ಕೇಳುತ್ತಾರೆ. ವಠಾರದ ಮಾಲೀಕ ಪಿಳ್ಳಪ್ಪ ಬಂದು ಕೂತ, ಬೀದಿಯವರು ಬಂದರು, ಯಶವಂತಪುರದ ಕಾರ್ಖಾನೆಯಿಂದ ಗೆಳೆಯರು ಬಂದರು. ಒಳಗೆ ಏನನ್ನಿಸಿತು, ಏನು ತಿಳಿಯಿತು ಎಂದು ಎಲ್ಲರದೂ ಒಂದೇ ಪ್ರಶ್ನೆ. ನಿಜ ಹೇಳಬೇಕೆಂದರೆ ವೀರಬಸಪ್ಪನಿಗೆ ಒಳಗೆ ಶೇಂಗಾ ಚಟ್ನಿಯ ನೆನಪು ಬಂದಿತ್ತು, ಒಂದು ಕಾಲಿನ ಚಪ್ಪಲಿ ಹೋಯಿತಲ್ಲ ಎಂಬ ಸಂಕಟವಾಗಿತ್ತು. ಇದನ್ನು ಹೇಳಿದರೆ ಬಂದವರ ಮುಖ ಬಾಡುತ್ತದೆ. ಹಾಗಾಗಿ ದೇಹ ನೀರಮೇಲಣ ಗುಳ್ಳೆ ಎಂದ, ಕತ್ತಲಲ್ಲಿ ಬೆಳಕು ಕಂಡೆ ಎಂದ. ಒಂದೊಂದು ಸಲ ಹೇಳಿದಾಗಲೂ ಬಾವಿಯ ನೀರು ಏರಿತು. ಮೊದಲು ಸೊಂಟ, ಆಮೇಲೆ ಎದೆ, ಕಡೆಗೆ ಕುತ್ತಿಗೆ. ತನ್ನ ಮೊಣಕಾಲೂ ಸರಿಯಾಗಿ ನೆನೆದಿರಲಿಲ್ಲ ಎಂದು ತಾಜುದ್ದೀನ್ ಒಂದೆರಡು ಕಡೆ ಹೇಳಿ ನೋಡಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಿದ್ದವನ ಮಾತಿಗಿರುವ ಬೆಲೆ ಎತ್ತಿದವನ ಮಾತಿಗೆ ಎಲ್ಲಿ?

ಆದರೆ ಆ ಕೂಗಿನ ಸಂಗತಿಯನ್ನು ಮಾತ್ರ ವೀರಬಸಪ್ಪ ಯಾರಿಗೂ ಬಿಟ್ಟುಕೊಡಲಿಲ್ಲ. ಅದು ಒಳಗೇ ಕೊರೆಯುತ್ತಿತ್ತು. ಬಾವಿಯ ಹತ್ತಿರ ಬಂದ ಹೆಂಗಸರು ಇಬ್ಬರೇ. ಒಬ್ಬಳು ಪಿಳ್ಳಪ್ಪನ ಹೆಂಡತಿ ಮಾರಕ್ಕ, ಇನ್ನೊಬ್ಬಳು ಇವನ ಹೆಂಡತಿ. ಮಾರಕ್ಕನ ಪಾಲಿಗೆ ಧಾರವಾಡದ ಆಚೀಚೆ ಹುಟ್ಟಿದವರೆಲ್ಲ ‘ಉಬ್ಬಳ್ಳಿಯೋರು’. ಬಾಡಿಗೆ ಕೇಳುವಾಗಲೂ ಅವಳು ಇವನ ಹೆಸರು ಹಿಡಿದವಳಲ್ಲ. ಇನ್ನು ಹೆಂಡತಿಯೋ, ಮದುವೆಯಾದಾಗಿನಿಂದ ಗಂಡನ ಹೆಸರನ್ನು ನಾಲಗೆಯ ಮೇಲೆ ತಂದವಳಲ್ಲ. ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ಅವಳ ಅಜ್ಜಿ ಕಲಿಸಿದ ಪಾಠ. ಹಾಗಾದರೆ ಕರೆದವರು ಯಾರು?

ರೊಟ್ಟಿ ತಟ್ಟುವ ಹೊತ್ತಿಗೆ ಒಲೆಯ ಪಕ್ಕ ಕೂತು ಮೆಲ್ಲಗೆ ವಿಚಾರಿಸಿದ. ಅವಳು ತಲೆ ಎತ್ತದೆ, ತಾನೇಕೆ ಕರೆಯಲಿ, ಮಾರಕ್ಕ ಕರೆದಿರಬೇಕು ಎಂದಳು. ಮಾರಕ್ಕನನ್ನು ಕೇಳಿದರೆ, ತಾನು ಆಗ ಮುನೇಶ್ವರನಿಗೆ ಹರಕೆ ಹೊರುತ್ತಿದ್ದೆ, ಯಾರು ಕರೆದರೋ ಕಾಣೆ ಎಂದಳು. ಆ ಹೆಸರನ್ನು ಇನ್ನೊಂದು ಸಲ ಆ ದನಿಯಲ್ಲಿ ಕೇಳಬೇಕೆಂಬ ಆಸೆ ವೀರಬಸಪ್ಪನಿಗೆ ಹಲ್ಲುನೋವಿನ ಹಾಗೆ ಹತ್ತಿಕೊಂಡಿತು. ನಲವತ್ತೈದು ದಾಟಿದ ಗಂಡಸಿಗೆ ಇಂಥ ಆಸೆ ಬರಬಾರದು. ಬಂದಮೇಲೆ ಏನು ಮಾಡುವುದು?

ಅಷ್ಟರಲ್ಲಿ ಸಂಜಯನಗರದಲ್ಲಿದ್ದ ಊರ ಕಡೆಯವನು ಫಕೀರಪ್ಪ ತನ್ನ ಮಗಳ ಕುಬಸ ಇಟ್ಟುಕೊಂಡ. ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ ಆದಮೇಲೆ, ಬಾವಿಯಿಂದ ಬಂದ ಪುಣ್ಯಾತ್ಮ ನಾಲ್ಕು ಮಾತು ಹೇಳಲಿ ಎಂದು ಗಂಡಸರು ಹಟ ಹಿಡಿದರು. ವೀರಬಸಪ್ಪನಿಗೆ ಬೇಡವೆನ್ನಲು ಬರಲಿಲ್ಲ. ಆ ದಿನ ನೀರು ಮೂಗಿನವರೆಗೆ ಬಂತು, ಒಂದು ಹಾವೂ ಸೇರಿಕೊಂಡಿತು. ಸಾವಿನ ಎದುರು ನಿಂತವನಿಗೆ ಸಂಸಾರದ ಸಣ್ಣಪುಟ್ಟದ್ದೆಲ್ಲ ಹುಲ್ಲುಕಡ್ಡಿ ಎಂದು ಹೇಳಿ, ಕೈ ಮುಗಿದು ಕೂತ.

ಆಮೇಲೆ ಹೆಂಗಸರ ಸರದಿ. ಒಡಪು ಹೇಳಬೇಕು. ಗಂಡನ ಹೆಸರನ್ನು ಹಾಗೇ ಹೇಳಬಾರದು, ಪದ್ಯದಲ್ಲಿ ಸುತ್ತಿ ಹೇಳಿದರೆ ದೋಷವಿಲ್ಲ. ಒಬ್ಬೊಬ್ಬರೇ ನಾಚಿಕೊಂಡು ಬೆಳ್ಳಿ ಬಟ್ಟಲು, ಮಲ್ಲಿಗೆ ಮೊಗ್ಗು ಎಂದು ಹೇಳಿ ಮುಗಿಸಿದರು. ವೀರಬಸಪ್ಪನ ಹೆಂಡತಿ ಎದ್ದು ಸೆರಗು ಸರಿಮಾಡಿಕೊಂಡಳು.

“ಹಾದ್ಯಾಗಿನ ಹಾಳಬಾವಿಗೆ ಆಳ ಇಲ್ಲ, ವೀರಬಸಪ್ಪನವರ ಮಾತಿಗೆ ತಳಾ ಇಲ್ಲ.”

ನಗು ಬೀದಿಯವರೆಗೆ ಹೋಯಿತು. ಫಕೀರಪ್ಪ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದ. ವೀರಬಸಪ್ಪನೂ ನಕ್ಕ, ಮರ್ಯಾದೆ ಉಳಿಯಬೇಕಲ್ಲ. ಆದರೆ ಅವನಿಗೆ ಬೇಕಾದದ್ದು ಇದಲ್ಲ. ಅದೇ ಹೆಸರು, ಅದೇ ದನಿ, ಆದರೂ ‘ನವರು’ ಹಚ್ಚಿ, ಪ್ರಾಸ ಕಟ್ಟಿ, ಹತ್ತು ಜನರ ಎದುರು ಹರಿವಾಣದಲ್ಲಿಟ್ಟು ಕೊಟ್ಟದ್ದು.

ಹೆಬ್ಬಾಳಕ್ಕೆ ನಡೆದು ಬರುವಾಗ ಅವನು ಇನ್ನು ತಡೆಯಲಾರದೆ, ಅವತ್ತು ಕರೆದವಳು ನೀನೇ ಹೌದೋ ಅಲ್ಲವೋ, ಇಷ್ಟು ಹೇಳಿಬಿಡು ಎಂದ. 

“ನಾನs ಕರದೆ,” ಎಂದಳು ಅವಳು. “ಎಲ್ಲಾರೂ ಸಾರ್ ಅಂತಾರ, ರೀ ಅಂತಾರ. ಸಾರ್ ಅಂದ್ರ ಈ ಊರಾಗ ಯಾರಾದ್ರೂ ಆದಾರು. ನಿಮ್ಮನ್ನs ಕರಿಯಾಕತ್ತೇವಿ ಅಂತ ನಿಮಗ ತಿಳೀಬೇಕಲ್ಲ.” ಮತ್ತೆ ನಾಲ್ಕು ಹೆಜ್ಜೆ ಹಾಕಿ ಕೇಳಿದಳು, “ನಾ ಬಿದ್ದಿದ್ರ ನೀವು ಏನಂತ ಕರೀತಿದ್ರಿ?”

  ವೀರಬಸಪ್ಪ ಅವಳನ್ನು ಕರೆಯುತ್ತಿದ್ದದ್ದು ‘ಏ’ ಎಂದು. ಹೆಚ್ಚು ಪ್ರೀತಿ ಬಂದರೆ ‘ಏ, ಕೇಳಿಲ್ಲೆ’. ಬೇರೆಯವರ ಮುಂದೆ ‘ಇಕಿ’. ಬಾವಿಯೊಳಕ್ಕೆ ‘ಏ’ ಎಂದು ಕೂಗಿದರೆ ಕಪ್ಪೆಯೂ ಓಗೊಡುವುದಿಲ್ಲ. ಅವನಿಗೆ ನಿಜವಾಗಿ ನಾಚಿಕೆಯಾಯಿತು. ಅವಳು ಉತ್ತರಕ್ಕೆ ಕಾಯದೆ ಮುಂದೆ ಹೋಗಿಬಿಟ್ಟಿದ್ದಳು.

ಆಮೇಲಿನ ದಿನಗಳಲ್ಲಿ ಅವನ ಪಾಡು ನೋಡಬೇಕಿತ್ತು. ಕನ್ನಡಿಯ ಮುಂದೆ ಗಡ್ಡ ಕೆರೆಯುತ್ತ ಅವಳ ಹೆಸರು ಹೇಳಿನೋಡಿದ, ಸರಾಗವಾಗಿ ಬಂತು. ಅಡುಗೆಮನೆಯ ಬಾಗಿಲಿಗೆ ಹೋದರೆ ಗಂಟಲಲ್ಲಿ ಸಿಕ್ಕಿಕೊಂಡು ಕೆಮ್ಮಾಯಿತು. ಅವಳು ಕೆಮ್ಮಿಗೆಂದು ಕಷಾಯ ಕಾಸಿ ಕೊಟ್ಟಳು, ಕುಡಿದ. ಸಾವಿನ ದವಡೆಗೆ ಹೋಗಿಬಂದ ಶೂರ, ಹೆಂಡತಿಯ ಹೆಸರು ಹಿಡಿಯಲು ಹೆದರಿ ಕಹಿ ಕಷಾಯ ಕುಡಿದು ಕೂತ. ಬಾವಿಯಲ್ಲಿ ಒಂದು ಅನುಕೂಲವಿತ್ತು, ಅಲ್ಲಿ ಯಾರೂ ನೋಡುತ್ತಿರಲಿಲ್ಲ. ಇಲ್ಲಿ ಗೋಡೆಯಾಚೆ ಪಿಳ್ಳಪ್ಪ, ಈಚೆ ಮಾರಕ್ಕ, ನಗಲು ಊರಿಗೆ ಊರೇ ಸಿದ್ಧ.

ಒಂದು ಬೆಳಿಗ್ಗೆ ಕಾರ್ಖಾನೆಯ ಬಸ್ಸು ಬಳ್ಳಾರಿ ರಸ್ತೆಯಲ್ಲಿ ನಿಂತಿತ್ತು. ಎದುರಿಗೇ ಬೀದಿ ನಲ್ಲಿ, ಕೊಡಗಳ ಸಾಲು, ಸಾಲಿನಲ್ಲಿ ಅವಳು. ವೀರಬಸಪ್ಪ ಬಸ್ಸು ಹತ್ತಿದವನು ಕಿಟಕಿಯಿಂದ ಅವಳ ಬೆನ್ನು ನೋಡಿದ. ಈಗ ಬಿಟ್ಟರೆ ಇನ್ನು ಆಗುವುದಿಲ್ಲ ಎನ್ನಿಸಿತು. ಕಿಟಕಿಯ ಸರಳು ಹಿಡಿದು, ಕಣ್ಣು ಮುಚ್ಚಿ, ಕೂಗಿದ.

“ದಾನವ್ವಾ!”

ಬಸ್ಸೆಲ್ಲ ತಿರುಗಿತು. ನಲ್ಲಿಯ ಹೆಂಗಸರೆಲ್ಲ ತಿರುಗಿದರು. ತಿರುಗದವಳು ಅವಳೊಬ್ಬಳೇ. ಮಕ್ಕಳಿಗೆ ಅವಳು ಅವ್ವ, ವಠಾರಕ್ಕೆ ಉಬ್ಬಳ್ಳಿಯಮ್ಮ, ಗಂಡನಿಗೆ ಏ. ತವರು ಬಿಟ್ಟಮೇಲೆ ಆ ಹೆಸರು ಅವಳನ್ನು ಹುಡುಕಿಕೊಂಡು ಬಂದದ್ದೇ ಇರಲಿಲ್ಲ. ಅವಳು ಕೊಡದ ಕಂಠ ಒರೆಸುತ್ತ ನಿಂತಿದ್ದಳು.

ವೀರಬಸಪ್ಪ ಇನ್ನೊಂದು ಸಲ ಕೂಗಿದ, ಈ ಸಲ ದನಿ ಒಡೆಯಿತು. ಬಸ್ಸು ಹೊರಟಿತು.

ಮಾರಕ್ಕ ಸಾಲಿನ ಉದ್ದಕ್ಕೂ ಒಬ್ಬೊಬ್ಬರ ಮುಖ ನೋಡಿದಳು. “ಯಾರವ್ವ ಅದು ದಾನವ್ವ? ಆಗಿಂದ ಇಂಗೆ ಬಡ್ಕೋತಾವ್ನೆ, ಓ ಅನ್ನಬಾರ್ದಾ?”

ಅವಳು ಕೊಡ ಕೆಳಗಿಟ್ಟಳು.

“ನಾನs ರೀ ಅಕ್ಕಾ,” ಎಂದಳು. ಆಮೇಲೆ ರಸ್ತೆಗೆ ಎರಡು ಹೆಜ್ಜೆ ಬಂದು, ಆಗಲೇ ದೂರ ಹೋಗಿದ್ದ ಬಸ್ಸಿಗೆ ಕೇಳುವಂತೆ ‘ಓ’ ಎಂದಳು.